ಹರಾಜುಕುವಿನ ಹವಾಯಿ ತಟ್ಟೆ

ರಾತ್ರಿ ಬಾಗಿಲು ತೆಗೆದು ಮರುದಿನ ಮಧ್ಯಾಹ್ನ ಬಾಗಿಲು ಹಾಕುವ ತಿಂಡಿ ಹೋಟೆಲನ್ನು ಯಾರಾದರೂ ನಡೆಸುತ್ತಾರೆಯೇ? ಹೊನೊಲುಲುವಿನ ವೈಕಿಕಿಯಲ್ಲಿ ಜೆರ್ರಿ ಮತ್ತು ಜ್ಯಾನ್ ಫುಕುನಾಗಾ ದಂಪತಿ 1974ರಲ್ಲಿ ಅಂಥದೊಂದನ್ನು ಶುರುಮಾಡಿದರು. ವೈಕಿಕಿ ಎಂದರೆ ಕಡಲತೀರ, ದೊಡ್ಡ ದೊಡ್ಡ ವಸತಿಗೃಹಗಳು, ಬಾರುಗಳು, ರಾತ್ರಿಯ ನೃತ್ಯ ಕಾರ್ಯಕ್ರಮಗಳು. ಪ್ರವಾಸಿಗರು ಮಜಾ ಮಾಡುವ ಹೊತ್ತಿನಲ್ಲಿ ಅಲ್ಲಿ ದುಡಿಯುವವರೂ ಇರುತ್ತಾರಲ್ಲ, ಅವರ ಪಾಳಿ ಮುಗಿಯುವ ವೇಳೆಗೆ ಊರಿನ ಅಡುಗೆಮನೆಗಳೆಲ್ಲ ಆರಿರುತ್ತವೆ. ಗಾಜಿನ ಲೋಟ ತೊಳೆದು, ವಾದ್ಯ ಕಟ್ಟಿಟ್ಟು, ಟ್ಯಾಕ್ಸಿ ನಿಲ್ಲಿಸಿ ಬಂದವರಿಗೆ ಬಿಸಿ ಬಿಸಿಯಾಗಿ ಮೊಟ್ಟೆ, ಸಾಸೇಜು, ಅನ್ನ, ಪ್ಯಾನ್‌ಕೇಕ್ ಬಡಿಸುವ ಜಾಗ ಅದಾಯಿತು. ಹೆಸರು ಎಗ್ಸ್ ಎನ್ ಥಿಂಗ್ಸ್. ತಿಂಡಿಗೊಂದು ಹೊತ್ತಿದೆ ಎಂಬ ಕಟ್ಟಳೆಯೇ ಆಗ ಅಲ್ಲಿರಲಿಲ್ಲ. ಎದ್ದವರಿಗೂ ಅದೇ ತಟ್ಟೆ, ಮಲಗಲು ಹೊರಟವರಿಗೂ ಅದೇ ತಟ್ಟೆ.

ಆ ಹೋಟೆಲು 2010ರ ಮಾರ್ಚ್‌ನಲ್ಲಿ ಟೋಕಿಯೊದ ಹರಾಜುಕುವಿನಲ್ಲಿ ಶಾಖೆ ತೆರೆಯಿತು. ಹವಾಯಿಯ ಹೊರಗೆ ಅದೇ ಮೊದಲನೆಯದು. ಅದರ ಮುಂದೆ ಗಂಟೆಗಟ್ಟಲೆ ಕಾಯುವ ಜನರ ಸಾಲು ಟಿವಿ ಸುದ್ದಿಯಾಯಿತು. ಮರುವರ್ಷ ಹೊನೊಲುಲುವಿನದೇ ಇನ್ನೊಂದು ಹೋಟೆಲು, ಕೆಫೆ ಕೈಲಾ, ಹತ್ತಿರದ ಒಮೊತೆಸಾಂಡೊಗೆ ಬಂತು. ಅದರ ಬೆನ್ನಿಗೆ ಸ್ವಂತ ಹೆಸರಿನಲ್ಲಿ ತಾಳೆಮರದ ಚಿತ್ರ ಬರೆಸಿಕೊಂಡ ಜಪಾನೀ ಅಂಗಡಿಗಳು ಊರೂರಲ್ಲಿ ಹುಟ್ಟಿದವು. ಜಪಾನಿನಲ್ಲಿ ಸಿಹಿತಿಂಡಿಯ ಜ್ವರ ಹೊಸದೇನಲ್ಲ. 1990ರಲ್ಲಿ ತಿರಾಮಿಸು, 1993ರ ಸುಮಾರಿಗೆ ನಾಟಾ ಡೆ ಕೋಕೊ, 2019ರಲ್ಲಿ ಸಾಬೂದಾನಿಯಂಥ ಕರಿಗೋಲಿ ಹಾಕಿದ ಹಾಲಿನ ಚಹಾ. ಇವೆಲ್ಲ ಉಕ್ಕಿ ಬಂದು, ಆಮೇಲೆ ಇಳಿದವು. ಹವಾಯಿ ಪ್ಯಾನ್‌ಕೇಕ್ ಮಾತ್ರ ಜ್ವರ ಇಳಿದ ಮೇಲೂ ಹೋಟೆಲಾಗಿ ಉಳಿಯಿತು. ಏಕೆ ಉಳಿಯಿತು ಎಂದು ಕೇಳಿಕೊಂಡು ಹೊರಟರೆ ದಾರಿ ಅಡುಗೆಮನೆಯಿಂದ ಕಬ್ಬಿನ ಗದ್ದೆಗೆ, ಅಲ್ಲಿಂದ ಕಲ್ಲಿದ್ದಲ ಗಣಿಗೆ ಹೋಗುತ್ತದೆ.

ಅದಕ್ಕೆ ಮೊದಲು ತಟ್ಟೆ ನೋಡೋಣ. ಟೋಕಿಯೊದ ಪೂರ್ವ ಭಾಗದ ನಿಶಿ ಕಸಾಯಿಯಲ್ಲಿ ಭಾರತೀಯ ಸಾಫ್ಟ್‌ವೇರ್ ಕುಟುಂಬಗಳು ಬಹಳ. ಅಲ್ಲಿರುವ ಗೆಳೆಯರ ಮನೆಗೆ ಹೋಗಿದ್ದಾಗ ಒಂದು ಶನಿವಾರ ಎಲ್ಲರೂ ಹೊರಟೆವು. ತೋಜಾಯಿ ಮಾರ್ಗದ ರೈಲು ಹಿಡಿದು, ಓತೆಮಾಚಿಯಲ್ಲಿ ಚಿಯೋದಾ ಮಾರ್ಗಕ್ಕೆ ಬದಲಿಸಿ, ಮೇಜಿ ಜಿಂಗುಮಾಯೆಯಲ್ಲಿ ಇಳಿದರೆ ಹರಾಜುಕು. ನಮ್ಮಲ್ಲೊಬ್ಬಾಕೆ ಧಾರವಾಡದವಳು, ಇನ್ನೊಬ್ಬ ಶಿರಸಿಯವನು, ಮೂರನೆಯವರು ಅವರ ಕಚೇರಿಯ ಜಪಾನೀ ಗೆಳತಿ. ಆಕೆಯ ತಾಯಿ ವಾರಕ್ಕೊಮ್ಮೆ ಹುಲಾ ನೃತ್ಯದ ತರಗತಿಗೆ ಹೋಗುತ್ತಾರಂತೆ. ಜಪಾನಿನಲ್ಲಿ ಅದು ವಿಶೇಷವಲ್ಲ. ಹವಾಯಿಗಿಂತ ಜಪಾನಿನಲ್ಲೇ ಹುಲಾ ಕಲಿಯುವವರು ಹೆಚ್ಚು ಎಂಬ ಮಾತೇ ಇದೆ. ಪ್ರಸಿದ್ಧ ಹೆಸರಿನ ಅಂಗಡಿ ಬಿಟ್ಟು, ಪಕ್ಕದ ಅಡ್ಡರಸ್ತೆಯಲ್ಲಿ ಅದೇ ಬಗೆಯ ಚಿಕ್ಕದೊಂದಕ್ಕೆ ಆಕೆ ಕರೆದೊಯ್ದಳು. ಅಲ್ಲಿ ಅಡುಗೆ ಕಟ್ಟೆಗೆ ಎದುರಾಗಿ ಕೂರಬಹುದು, ಹುಯ್ಯುವುದು ಮಗುಚುವುದು ಎಲ್ಲ ಕಾಣುತ್ತದೆ ಎಂಬುದು ಆಕೆಯ ವಾದ. ಬಾಗಿಲ ಬಳಿಯ ಹಾಳೆಯಲ್ಲಿ ಹೆಸರು, ಎಷ್ಟು ಜನ ಎಂಬುದನ್ನು ಬರೆದು ಸಾಲಿನಲ್ಲಿ ನಿಂತೆವು. ಸರದಿ ಮುರಿಯುವವರೂ ಇಲ್ಲ, ಗೊಣಗುವವರೂ ಇಲ್ಲ.

ಒಳಗೆ ಯುಕುಲೇಲೆ ಸಂಗೀತ, ಗೋಡೆಗೆ ಸರ್ಫ್ ಹಲಗೆ, ಮೇಜಿನ ಮೇಲೆ ಮೂರು ಸೀಸೆ. ಒಂದರಲ್ಲಿ ಮೇಪಲ್ ಸಿರಪ್, ಒಂದರಲ್ಲಿ ತೆಂಗಿನಕಾಯಿ ಹಾಲಿನ ಬಿಳಿ ಸಿರಪ್, ಒಂದರಲ್ಲಿ ಸೀಬೆಹಣ್ಣಿನ ಗುಲಾಬಿ ಬಣ್ಣದ್ದು. ಈ ಮೂರು ಸೀಸೆಗಳ ಸಾಲು ಹವಾಯಿ ಪ್ಯಾನ್‌ಕೇಕ್ ಹೋಟೆಲಿನ ಗುರುತು. ತರಿಸಿದ್ದರಲ್ಲಿ ಮುಖ್ಯವಾದದ್ದು ಸ್ಟ್ರಾಬೆರಿಯದು: ಅಂಗೈಯಗಲದ ತೆಳುವಾದ ಐದು ಪ್ಯಾನ್‌ಕೇಕುಗಳು ಒಂದರ ಮೇಲೊಂದು ಒರಗಿಕೊಂಡಿವೆ, ಮೇಲೆ ಹೆಚ್ಚಿದ ಹಣ್ಣು, ಅದರ ಮೇಲೆ ಸುತ್ತಿ ಸುತ್ತಿ ಏರಿಸಿದ ಕಡೆದ ಕೆನೆ, ತುದಿಯಿಂದ ಬುಡದವರೆಗೆ ಉದುರಿಸಿದ ಮೆಕಡೇಮಿಯಾ ಬೀಜದ ಚೂರು. ಕೆನೆಯ ಎತ್ತರ ಪ್ಯಾನ್‌ಕೇಕುಗಳ ದಪ್ಪವನ್ನೆಲ್ಲ ಕೂಡಿಸಿದರೂ ಮೀರುವಂಥದ್ದು. ಧಾರವಾಡದವಳು ತಟ್ಟೆಯನ್ನು ಒಂದು ಸುತ್ತು ತಿರುಗಿಸಿ ನೋಡಿ, “ಏನವಾ, ಇದನ್ನ ತಿನ್ನೂದೋ ಹತ್ತೂದೋ?” ಅಂದಳು. ಜಪಾನೀ ಗೆಳತಿಗೆ ಅದನ್ನು ಅನುವಾದಿಸಿ ಹೇಳುವಷ್ಟರಲ್ಲಿ ಆಕೆ ತನ್ನ ಪಾಲಿನ ಫೋಟೊ ತೆಗೆದು ಮುಗಿಸಿದ್ದಳು.

ಕೆನೆ ಕಂಡಷ್ಟು ಭಾರವಾಗಿರಲಿಲ್ಲ, ಇದು ಹೇಳಲೇಬೇಕು. ಸಕ್ಕರೆ ಕಡಿಮೆ, ಗಾಳಿ ಹೆಚ್ಚು. ಶೇ 30ಕ್ಕಿಂತ ಹೆಚ್ಚು ಕೊಬ್ಬಿರುವ ಕೆನೆಯನ್ನು ಚೆನ್ನಾಗಿ ತಣಿಸಿ ಕಡೆದಾಗ ಕೊಬ್ಬಿನ ಕಣಗಳು ಒಂದಕ್ಕೊಂದು ಅಂಟಿ ಗಾಳಿಗುಳ್ಳೆಯ ಸುತ್ತ ಗೋಡೆ ಕಟ್ಟುತ್ತವೆ. ಆ ಗೋಡೆಯ ಬಲದಿಂದಲೇ ಗೋಪುರ ನಿಲ್ಲುವುದು. ಕಡೆಯುವುದು ಒಂದಿಷ್ಟು ಹೆಚ್ಚಾದರೆ ಬೆಣ್ಣೆಯಾಗಿ ಒಡೆಯುತ್ತದೆ, ಕೆನೆ ಬೆಚ್ಚಗಾದರೆ ಕುಸಿಯುತ್ತದೆ. ಕೆಳಗಿರುವುದು ಕಾವಲಿಯಿಂದ ಆಗಷ್ಟೇ ಇಳಿದ ಬಿಸಿ ಪ್ಯಾನ್‌ಕೇಕ್. ಆದ್ದರಿಂದ ಗೋಪುರ ಸುತ್ತುವವನಿಗೂ ತಟ್ಟೆ ಒಯ್ಯುವವಳಿಗೂ ನಡುವೆ ತಡೆಯೇ ಇರಬಾರದು. ಕಟ್ಟೆಯ ಆಚೆ ಹುಡುಗನೊಬ್ಬ ಕೆನೆಯ ಚೀಲವನ್ನು ಮಂಜಿನ ಡಬ್ಬಿಯಲ್ಲಿಟ್ಟುಕೊಂಡು, ಗಂಟೆ ಬಾರಿಸಿದ ಕೂಡಲೇ ಎತ್ತಿ ಎರಡು ಉಸಿರಿನಲ್ಲಿ ಗೋಪುರ ಮುಗಿಸುತ್ತಿದ್ದ.

ನನ್ನ ಕಣ್ಣು ಮಾತ್ರ ಕಾವಲಿಯ ಮೇಲೇ ಇತ್ತು. ದೋಸೆಯ ನಾಡಿನವರಿಗೆ ಇದು ಒಂದು ಬಗೆಯ ಪರೀಕ್ಷೆ. ಹಿಟ್ಟು ಕಲಸುವಲ್ಲೇ ನಮ್ಮ ಪಾಠ ತಲೆಕೆಳಗಾಗುತ್ತದೆ. ಗಂಟಿಲ್ಲದಂತೆ ಕಲಸು ಎಂದು ನಮ್ಮ ಮನೆಗಳಲ್ಲಿ ಹೇಳುತ್ತಾರೆ. ಇಲ್ಲಿ ಗಂಟು ಉಳಿಯಲೇಬೇಕು. ಗೋಧಿಹಿಟ್ಟಿನ ಪ್ರೋಟೀನು ನೀರು ಕುಡಿದು, ಕಲಸಿದಷ್ಟೂ ಎಳೆಯೆಳೆಯಾಗಿ ಜಾಲ ಕಟ್ಟುತ್ತದೆ. ಬ್ರೆಡ್ಡಿಗೆ ಅದು ಬೇಕು, ಪ್ಯಾನ್‌ಕೇಕಿಗೆ ಅದು ಶತ್ರು. ಒಣ ಸಾಮಗ್ರಿ ಒಂದು ಬಟ್ಟಲು, ಹಸಿ ಸಾಮಗ್ರಿ ಇನ್ನೊಂದು ಬಟ್ಟಲು. ಎರಡನ್ನೂ ಸೇರಿಸಿ ಹತ್ತಾರು ಸಲ ತಿರುವಿ ಕೈ ತೆಗೆದುಬಿಡಬೇಕು. ಮತ್ತೆ ಕೈ ಹಾಕಿದರೆ ಚರ್ಮದಂತೆ ಎಳೆಯುವ ತಿಂಡಿ ಸಿಗುತ್ತದೆ.

ಉಬ್ಬುವ ಕೆಲಸ ಸೋಡಾದ್ದು, ಬೇಕಿಂಗ್ ಪೌಡರಿನದ್ದು. ಅಮೆರಿಕದ ಡೈರಿಗಳು ಹಾಲಿಗೆ ಹೆಪ್ಪು ಹಾಕಿ ತಯಾರಿಸುವ ಬಟರ್‌ಮಿಲ್ಕ್ ನಮ್ಮ ಕಡೆದ ಮಜ್ಜಿಗೆಗಿಂತ ಗಟ್ಟಿ. ಅದರ ಹುಳಿ ಸೋಡಾಕ್ಕೆ ತಾಕಿದ ಕೂಡಲೇ ಇಂಗಾಲದ ಡೈಆಕ್ಸೈಡ್ ಗುಳ್ಳೆ ಏಳುತ್ತದೆ. ಬೇಕಿಂಗ್ ಪೌಡರ್ ಎರಡು ಹಂತದಲ್ಲಿ ಕೆಲಸ ಮಾಡುತ್ತದೆ, ಒಮ್ಮೆ ಬಟ್ಟಲಿನಲ್ಲಿ, ಮತ್ತೊಮ್ಮೆ ಕಾವು ತಗುಲಿದಾಗ. ಸೆಟ್ ದೋಸೆಯ ಹಿಟ್ಟಿನಲ್ಲಿ ಸೂಕ್ಷ್ಮಜೀವಿಗಳು ರಾತ್ರಿಯಿಡೀ ನಿಧಾನವಾಗಿ ಮಾಡುವುದನ್ನು ಇಲ್ಲಿ ರಸಾಯನಶಾಸ್ತ್ರ ಕೆಲವೇ ನಿಮಿಷಗಳಲ್ಲಿ ಮುಗಿಸುತ್ತದೆ. ಅದಕ್ಕೇ ರುಚಿಯಲ್ಲಿ ಹುದುಗಿನ ಆಳ ಇಲ್ಲ. ಆ ಕೊರತೆಯನ್ನು ಬೆಣ್ಣೆ, ಸಿರಪ್, ಹಣ್ಣು ತುಂಬಬೇಕು. ತಿನ್ನುವಾಗ ನನಗೆ ಹೊಳೆದದ್ದೂ ಇದೇ: ಬರೀ ಪ್ಯಾನ್‌ಕೇಕನ್ನು ಬಾಯಿಗಿಟ್ಟರೆ ಒಳ್ಳೆಯ ದೋಸೆಯ ಮುಂದೆ ಅದು ಸಪ್ಪೆ. ಹಾಗೆಂದು ಅದನ್ನು ಬರಿದಾಗಿ ಯಾರೂ ತಿನ್ನುವುದಿಲ್ಲ.

ಕಾವಲಿಯ ಕಾವು ಸುಮಾರು 190 ಡಿಗ್ರಿ ಸೆಲ್ಸಿಯಸ್. ಸೌಟಿನಿಂದ ಹುಯ್ದು ಬಿಟ್ಟರೆ ಹಿಟ್ಟು ತಾನಾಗಿಯೇ ದುಂಡಗೆ ಹರಡಬೇಕು, ದೋಸೆಯಂತೆ ತಿರುವುವ ಹಾಗಿಲ್ಲ. ಅಂಚು ಒಣಗಿ, ಮೇಲೆ ಎದ್ದ ಗುಳ್ಳೆ ಒಡೆದು ತೂತು ಹಾಗೆಯೇ ತೆರೆದುಕೊಂಡಿದ್ದರೆ ಮಗುಚುವ ಹೊತ್ತು. ಒಂದೇ ಸಲ ಮಗುಚಬೇಕು. ಮಗುಚಿದ ಮೇಲೆ ಸಟ್ಟುಗದಿಂದ ಒತ್ತುವುದು ಅಪರಾಧ, ಒಳಗಿನ ಗಾಳಿಯೆಲ್ಲ ಹೋಗುತ್ತದೆ. ಕಾವಲಿಗೆ ಎಣ್ಣೆ ಹೆಚ್ಚಾದರೆ ಅಂಚು ಕರಿದಂತಾಗಿ ಮೈ ಕಲೆಕಲೆಯಾಗುತ್ತದೆ. ಒರೆಸಿದ ಒಣ ಕಾವಲಿಯಲ್ಲಿ ಮಾತ್ರ ಎಲ್ಲ ಕಡೆ ಒಂದೇ ಸಮನಾದ ಕಂದುಬಣ್ಣ ಬರುವುದು. ಕಟ್ಟೆಯ ಆಚೆಗಿದ್ದ ಹೆಂಗಸು ಏಕಕಾಲಕ್ಕೆ ಹದಿನೈದಿಪ್ಪತ್ತು ಹುಯ್ಯುತ್ತ, ಹುಯ್ದ ಕ್ರಮದಲ್ಲೇ ಮಗುಚುತ್ತ ಬರುತ್ತಿದ್ದರು. ಅವರ ಲೆಕ್ಕ ಗಡಿಯಾರ ನೋಡಿ ಮಾಡಿದ್ದಲ್ಲ.

ಇನ್ನು ಹೆಸರಿನ ವಿಚಾರ. ಈ ತಟ್ಟೆಯಲ್ಲಿ ಹವಾಯಿಯದು ಏನಿದೆ? ಗೋಧಿ ದ್ವೀಪದ ಬೆಳೆಯಲ್ಲ. ದನಗಳು 1793ರಲ್ಲಿ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರ್ ರಾಜ ಕಮೆಹಮೆಹಾನಿಗೆ ತಂದುಕೊಟ್ಟ ಕಾಣಿಕೆ. ಸೀಬೆ ಅಮೆರಿಕ ಖಂಡದ ಬಿಸಿನಾಡುಗಳದ್ದು. ಮೇಪಲ್ ಕೆನಡಾ ಕಡೆಯ ಚಳಿಕಾಡಿನದ್ದು. ಹವಾಯಿಯೆಂದರೆ ನೆನಪಾಗುವ ಮೆಕಡೇಮಿಯಾ ಮೂಲತಃ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಮರ. 1880ರ ದಶಕದಲ್ಲಿ ವಿಲಿಯಂ ಪರ್ವಿಸ್ ಎಂಬಾತ ಅದರ ಬೀಜ ತಂದು ನೆಟ್ಟ. ಹಿನ್ನೆಲೆಯಲ್ಲಿ ನುಡಿಯುತ್ತಿದ್ದ ಯುಕುಲೇಲೆ ಕೂಡ ಪೋರ್ಚುಗೀಸರ ಮದೀರಾ ದ್ವೀಪದಿಂದ 1879ರಲ್ಲಿ ಹಡಗಿಳಿದವರು ತಂದ ವಾದ್ಯದ ಮರಿ. ತಟ್ಟೆಯಲ್ಲಿ ಪಾಲಿನೇಷ್ಯನ್ನರು ದೋಣಿಯಲ್ಲಿ ತಂದು ಊರಿನದೇ ಮಾಡಿಕೊಂಡದ್ದು ಎಂದರೆ ತೆಂಗು, ಕೋಳಿ. ಅಷ್ಟೇ.

ಹಾಗಾದರೆ ಹೆಸರು ಸುಳ್ಳೇ? ಸುಳ್ಳಲ್ಲ ಎಂಬುದೇ ನನ್ನ ವಾದ. 19ನೇ ಶತಮಾನದ ನಡುವಿನಿಂದ ಹವಾಯಿಯನ್ನು ರೂಪಿಸಿದ್ದು ಸಕ್ಕರೆ. ಕಬ್ಬಿನ ತೋಟಗಳಿಗೆ 1852ರಿಂದ ಚೀನೀಯರನ್ನು ಕರೆತಂದರು. 1868ರಲ್ಲಿ ಯೊಕೊಹಾಮಾದಿಂದ ಸುಮಾರು 150 ಜಪಾನೀಯರು ಹಡಗು ಹತ್ತಿದರು. 1878ರಿಂದ ಪೋರ್ಚುಗೀಸರು, 20ನೇ ಶತಮಾನದ ಆರಂಭದಲ್ಲಿ ಪೋರ್ಟೊರಿಕೊ, ಕೊರಿಯಾ, ಫಿಲಿಪೀನ್ಸಿನವರು. ಕೂಲಿಯಾಳು ಹುಡುಕಲು ಸ್ವತಃ ರಾಜ ಕಲಾಕಾವಾ 1881ರಲ್ಲಿ ಲೋಕಸಂಚಾರ ಹೊರಟಿದ್ದ. ಆ ಸುತ್ತಾಟದಲ್ಲಿ ಅವನು ಕಲ್ಕತ್ತ, ಬೊಂಬಾಯಿಗಳಿಗೂ ಬಂದುಹೋದ. ಜಪಾನಿಗೆ ಕಾಲಿಟ್ಟ ಮೊದಲ ವಿದೇಶೀ ದೊರೆ ಅವನೇ. ತನ್ನ ಸೋದರ ಸೊಸೆ ಕೈಯುಲಾನಿಯನ್ನು ಜಪಾನಿನ ರಾಜಕುಮಾರನೊಬ್ಬನಿಗೆ ಕೊಡುವ ಪ್ರಸ್ತಾಪವನ್ನೂ ಇಟ್ಟ. ಜಪಾನು ವಿನಯದಿಂದ ಒಲ್ಲೆ ಎಂದಿತು. ಮದುವೆ ಕೂಡಿಬರಲಿಲ್ಲ, ಕೂಲಿಗಳ ಒಪ್ಪಂದ ಕೂಡಿಬಂತು. 1885ರಿಂದ ಸರ್ಕಾರಿ ಒಪ್ಪಂದದಡಿ ಸಾವಿರಾರು ಜಪಾನೀಯರು ಹೋದರು. 1920ರ ಹೊತ್ತಿಗೆ ದ್ವೀಪದ ಜನಸಂಖ್ಯೆಯಲ್ಲಿ ಶೇ 40ಕ್ಕೂ ಹೆಚ್ಚು ಮಂದಿ ಜಪಾನೀ ಮೂಲದವರು.

ತೋಟದಲ್ಲಿ ಒಂದೊಂದು ದೇಶದವರಿಗೆ ಒಂದೊಂದು ಕೇರಿ, ಕೂಲಿಯೂ ಬೇರೆ ಬೇರೆ. ಒಗ್ಗಟ್ಟಾಗಬಾರದೆಂಬ ಮಾಲೀಕರ ಲೆಕ್ಕಾಚಾರ ಅದು. ಬುತ್ತಿ ಬಿಚ್ಚುವಾಗ ಆ ಲೆಕ್ಕ ತಪ್ಪಿತು. ಜಪಾನೀಯನ ಅನ್ನ, ಪೋರ್ಚುಗೀಸನ ಸಾಸೇಜು, ಚೀನೀಯನ ನೂಡಲ್ಸ್, ಫಿಲಿಪಿನೊನ ಹುಳಿಮಾಂಸ ಎಲ್ಲ ಒಂದೇ ತಟ್ಟೆಗೆ ಬಂದವು. ಎರಡನೇ ಮಹಾಯುದ್ಧ ಸ್ಪ್ಯಾಮ್ ಎಂಬ ಡಬ್ಬಿ ಹಂದಿಮಾಂಸವನ್ನು ಸೇರಿಸಿತು. 1949ರಲ್ಲಿ ಹೀಲೊ ಪಟ್ಟಣದ ಲಿಂಕನ್ ಗ್ರಿಲ್ ಎಂಬಲ್ಲಿ, ಕಾಸು ಕಡಿಮೆ ಹಸಿವು ಹೆಚ್ಚು ಇದ್ದ ಹುಡುಗರಿಗಾಗಿ ಅನ್ನದ ಮೇಲೆ ಮಾಂಸದ ಬಿಲ್ಲೆ, ಗ್ರೇವಿ, ಮೊಟ್ಟೆ ಹಾಕಿ ಕೊಟ್ಟದ್ದು ಲೊಕೊ ಮೊಕೊ ಆಯಿತು. ಇಂದಿಗೂ ಪ್ಯಾನ್‌ಕೇಕ್ ಹೋಟೆಲಿನ ಪಟ್ಟಿಯಲ್ಲಿ ಅದಕ್ಕೆ ಕಾಯಂ ಜಾಗ. ಪ್ಯಾನ್‌ಕೇಕಿನ ಪಕ್ಕದಲ್ಲೇ ಅನ್ನ ಬರುವ ತಿಂಡಿ ಹೋಟೆಲನ್ನು ಅಮೆರಿಕದ ಬೇರೆ ರಾಜ್ಯಗಳಲ್ಲಿ ಹುಡುಕಿದರೂ ಸಿಗುವುದು ಅಪರೂಪ. ಎಲ್ಲೆಲ್ಲಿಂದಲೋ ಬಂದದ್ದನ್ನು ಒಂದೇ ತಟ್ಟೆಗೆ ಹಾಕಿ, ಅದಕ್ಕೊಂದು ಸಿಹಿ ಸುರಿದು ತಿನ್ನುವುದೇ ಹವಾಯಿಯ ರೂಢಿಯಾದರೆ, ಈ ತಟ್ಟೆ ಹವಾಯಿಯದೇ. ಅದನ್ನು ಹೋಟೆಲಾಗಿ ಕಟ್ಟಿದವರ ಮನೆತನದ ಹೆಸರು ಫುಕುನಾಗಾ ಎಂಬುದೂ ಇದೇ ಕಥೆಯ ಭಾಗ.

ಪ್ಯಾನ್‌ಕೇಕಿನ ಕೈಚಳಕ ನೋಡಬೇಕೆಂದು ದ್ವೀಪಕ್ಕೇ ಹೋಗುವವರು ವೈಕಿಕಿಯಿಂದ ಬೆಟ್ಟ ದಾಟಿ ಕೈಲುವಾ ಊರಿಗೆ ಹೋಗುತ್ತಾರೆ. ಅಲ್ಲಿ 1985ರಿಂದ ನಡೆದುಬಂದ ಸಿನಮನ್ಸ್ ಎಂಬ ಹೋಟೆಲಿನ ಸೀಬೆ ಪ್ಯಾನ್‌ಕೇಕು ಹೆಸರುವಾಸಿ. ಬೂಟ್ಸ್ ಅಂಡ್ ಕಿಮೋಸ್ ಎಂಬುದು ಬಾಳೆಹಣ್ಣಿನ ಪ್ಯಾನ್‌ಕೇಕಿನ ಮೇಲೆ ಮೆಕಡೇಮಿಯಾದ ಬಿಳಿ ಗೊಜ್ಜು ಸುರಿದು ಜನರನ್ನು ಗೆದ್ದದ್ದು. ಮೋಕ್ಸ್ ಎಂಬಲ್ಲಿ ಲಿಲಿಕೊಯಿ, ಅಂದರೆ ಪ್ಯಾಷನ್ ಹಣ್ಣಿನ ಹುಳಿಸಿಹಿ ಸಾಸು. ಕೆನೆಗೋಪುರಕ್ಕಿಂತ ಈ ಹುಳಿ ನನಗೆ ಹೆಚ್ಚು ಇಷ್ಟ. ಸಿಹಿಗೆ ಎದುರಾಡುವ ಒಂದಾದರೂ ಇರಬೇಕು ತಟ್ಟೆಯಲ್ಲಿ.

ಜಪಾನಿಗೆ ಈ ಹವಾಯಿಯ ಹುಚ್ಚು ಹತ್ತಿದ್ದು ಪ್ಯಾನ್‌ಕೇಕಿಗೂ ಬಹಳ ಮೊದಲು. ಯುದ್ಧ ಮುಗಿದ ಮೇಲೆ ಸಾಮಾನ್ಯ ಜಪಾನೀಯರು ಮೋಜಿಗಾಗಿ ಹೊರದೇಶಕ್ಕೆ ಹೋಗುವಂತಿರಲಿಲ್ಲ. ವಿದೇಶೀ ವಿನಿಮಯದ ಬರ. ಹೋಗಲಾಗದ ಊರಿನ ಮೇಲೆ ಆಸೆ ಹೆಚ್ಚುತ್ತದಲ್ಲ. 1961ರಲ್ಲಿ ಟೋರಿಸ್ ವ್ಹಿಸ್ಕಿ ಕಂಪನಿ ಹವಾಯಿ ಪ್ರವಾಸವನ್ನು ಬಹುಮಾನವಾಗಿಟ್ಟು ಜಾಹೀರಾತು ಮಾಡಿತು. ಗೆದ್ದವರಿಗೆ ಸಿಕ್ಕದ್ದು ಟಿಕೆಟ್ಟಲ್ಲ, ಪ್ರವಾಸದ ಹೆಸರಿನ ಠೇವಣಿ ಪತ್ರ. ನಿರ್ಬಂಧ ತೆರವಾಗುವವರೆಗೆ ಕಾಯಬೇಕಿತ್ತು. ಹತ್ತು ಪ್ರಶ್ನೆಗೆ ಸರಿಯುತ್ತರ ಕೊಟ್ಟವರನ್ನು ಹವಾಯಿಗೆ ಕಳಿಸುವ ಟಿವಿ ಕ್ವಿಜ್ 1963ರಲ್ಲಿ ಶುರುವಾಯಿತು. 1964ರ ಏಪ್ರಿಲ್ 1ರಂದು ನಿರ್ಬಂಧ ತೆರವಾಯಿತು, ವರ್ಷಕ್ಕೊಮ್ಮೆ, 500 ಡಾಲರ್ ಮಿತಿಯೊಳಗೆ. ಅದೇ ತಿಂಗಳು ಹೊರಟ ಹವಾಯಿ ಪ್ರವಾಸದ ದರ 3.5 ಲಕ್ಷ ಯೆನ್ ಮೀರಿತ್ತು. ಆಗ ಹೊಸ ಪದವೀಧರನ ತಿಂಗಳ ಸಂಬಳ 20 ಸಾವಿರ ಯೆನ್ ಆಸುಪಾಸು.

ಅಷ್ಟು ದುಡ್ಡಿಲ್ಲದವರಿಗಾಗಿ ಹವಾಯಿಯೇ ಜಪಾನಿಗೆ ಬಂತು, ಅದೂ ಕಲ್ಲಿದ್ದಲಿನ ಊರಿಗೆ. ಫುಕುಶಿಮಾ ಪ್ರಾಂತದ ಇವಾಕಿಯಲ್ಲಿ ಜೋಬಾನ್ ಎಂಬ ಗಣಿ ಕಂಪನಿಯಿತ್ತು. ಪೆಟ್ರೋಲಿಯಂ ಬಂದು ಕಲ್ಲಿದ್ದಲಿಗೆ ಬೆಲೆ ಇಲ್ಲದಾಯಿತು. ಗಣಿ ಅಗೆಯುವಾಗ ನುಗ್ಗಿ ಬರುತ್ತಿದ್ದ ಬಿಸಿನೀರು ಅಲ್ಲಿವರೆಗೆ ಬರೀ ಪೀಡೆ, ಪಂಪು ಮಾಡಿ ಹೊರಚೆಲ್ಲಬೇಕಾದದ್ದು. ಆ ಬಿಸಿನೀರಿನಿಂದಲೇ ದೊಡ್ಡ ಗಾಜಿನ ಮಾಡಿನ ಕೆಳಗೆ ತಾಳೆಮರ ಬೆಳೆಸಿ, ಈಜುಕೊಳ ಕಟ್ಟಿ, 1966ರಲ್ಲಿ ಜೋಬಾನ್ ಹವಾಯಿಯನ್ ಸೆಂಟರ್ ತೆರೆದರು. ಹುಲಾ ಕುಣಿಯಲು ಗಣಿ ಕಾರ್ಮಿಕರ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟರು. ಹುಲ್ಲಿನ ಲಂಗ ತೊಟ್ಟು ಮಗಳು ಕುಣಿಯುವುದೆಂದರೆ ಗಣಿ ಕೇರಿಯ ಅಪ್ಪ ಅಮ್ಮಂದಿರು ಏನೆಂದಿರಬಹುದು, ಊಹಿಸಿಕೊಳ್ಳಿ. 2006ರ ‘ಹುಲಾ ಗರ್ಲ್ಸ್’ ಚಲನಚಿತ್ರ ಇದೇ ಕಥೆ. 2011ರ ಭೂಕಂಪದಲ್ಲಿ ಆ ಜಾಗ ಮುಚ್ಚಿದಾಗ ಅಲ್ಲಿನ ನರ್ತಕಿಯರು ದೇಶ ಸುತ್ತಿ, ನಿರಾಶ್ರಿತರ ಶಿಬಿರಗಳಲ್ಲಿ ಕುಣಿದು ಬಂದರು. ನಮ್ಮ ಜೊತೆಗಿದ್ದ ಜಪಾನೀ ಗೆಳತಿ ಚಿಕ್ಕವಳಿದ್ದಾಗ ಅಜ್ಜಿಯ ಜೊತೆ ಅಲ್ಲಿಗೆ ಹೋಗಿದ್ದಳಂತೆ. “ನಾನು ಕಂಡ ಮೊದಲ ಹವಾಯಿ ಅದು. ನಿಜವಾದದ್ದಕ್ಕೆ ಹೋದಾಗ, ಇಲ್ಲಿ ಬಿಸಿನೀರಿನ ಬುಗ್ಗೆ ಎಲ್ಲಿ ಅಂತ ಕೇಳಿಬಿಟ್ಟೆ” ಎಂದು ನಕ್ಕಳು.

1997ರಲ್ಲಿ ಹವಾಯಿಗೆ ಹೋದ ಜಪಾನೀ ಪ್ರವಾಸಿಗರ ಸಂಖ್ಯೆ 22 ಲಕ್ಷದ ಹತ್ತಿರ ಮುಟ್ಟಿತು. ಅವರಲ್ಲಿ ಅದೆಷ್ಟೋ ಜನ ವೈಕಿಕಿಯಲ್ಲಿ ಕೆನೆಗೋಪುರದ ಮುಂದೆ ಕೂತು ಬಂದವರು. ಹರಾಜುಕುವಿನ ಅಂಗಡಿಗೆ ಗಿರಾಕಿಗಳನ್ನು ಹೊಸದಾಗಿ ಹುಡುಕಬೇಕಿರಲಿಲ್ಲ. ನೆನಪಿಟ್ಟುಕೊಂಡವರು ಮೊದಲೇ ಇದ್ದರು. ಈಗ ಯೆನ್ ಬೆಲೆ ಕುಸಿದು, ವೈಕಿಕಿಯ ತಿಂಡಿಯ ದರದ ಮೇಲೆ ಟಿಪ್ಸ್ ಬೇರೆ ಸೇರಿ ಪ್ರವಾಸ ಮತ್ತೆ ದುಬಾರಿಯಾಗಿದೆ. ಟೋಕಿಯೊದಲ್ಲಿ 1,500 ಯೆನ್ ಆಸುಪಾಸಿಗೆ, ಟಿಪ್ಸ್ ಇಲ್ಲದೆ, ಅದೇ ಮೂರು ಸೀಸೆಗಳ ಮುಂದೆ ಕೂರಬಹುದು. ಜ್ವರ ಇಳಿದ ಮೇಲೂ ಹೋಟೆಲು ಉಳಿದದ್ದು ಇದರಿಂದ. ಅಲ್ಲಿ ಮಾರುವುದು ಹೊಸ ತಿಂಡಿಯಾಗಿದ್ದರೆ ಮುಂದಿನ ತಿಂಡಿ ಬಂದಾಗ ಮುಚ್ಚುತ್ತಿತ್ತು.

ಒಂದು ತಕರಾರು ಇದೆ, ಹೇಳದೆ ಬಿಡಲಾರೆ. ಈ ಹೋಟೆಲುಗಳ ಗೋಡೆಯ ತುಂಬ ಹವಾಯಿ ಹೆಣ್ಣಿನ ಚಿತ್ರವಿದೆ, ತಟ್ಟೆಯಲ್ಲಿ ಹವಾಯಿಯ ಮೂಲ ಜನರ ಅನ್ನವಿಲ್ಲ. ಅವರ ಅನ್ನ ಕೆಸು. ಮಲೆನಾಡಿನಲ್ಲಿ ಪತ್ರೊಡೆಗೆ ಎಲೆ, ಹುಳಿಗೆ ಗೆಡ್ಡೆ ಕೊಡುವ ಅದೇ ಕೆಸು. ಹವಾಯಿಯನ್ನರು ಅದನ್ನು ‘ಕಾಲೊ’ ಎನ್ನುತ್ತಾರೆ. ಭೂಮಿಗೆ ಸೇರಿಸಿದ ಸತ್ತ ಮಗುವಿನಿಂದ ಮೊದಲ ಕೆಸು ಮೊಳೆಯಿತು, ಆಮೇಲೆ ಹುಟ್ಟಿದ ಮಗು ಹಾಲೋವಾ ಮನುಷ್ಯರ ಮೂಲಪುರುಷನಾದ ಎಂದು ಅವರ ಪುರಾಣ. ಹಾಗಾಗಿ ಕೆಸು ಅವರಿಗೆ ಅಣ್ಣ. ಬೇಯಿಸಿ ಕುಟ್ಟಿ, ನೀರು ಚಿಮುಕಿಸಿ ನಾದಿದ ನೇರಳೆ ಛಾಯೆಯ ಮುದ್ದೆ ‘ಪೋಯಿ’ ಅವರ ದಿನನಿತ್ಯದ ಊಟ. ಎರಡು ಮೂರು ದಿನ ಇಟ್ಟರೆ ಹುಳಿಯಾಗುತ್ತದೆ, ಆ ಹುಳಿಯನ್ನೇ ಇಷ್ಟಪಡುವವರಿದ್ದಾರೆ. ಶಿರಸಿಯವನಿಗೆ ಇದನ್ನು ಹೇಳಿದಾಗ ಅವನ ಮೊದಲ ಪ್ರಶ್ನೆ, “ಹುಣಸೆಹಣ್ಣು ಹಾಕದೆ? ಗಂಟಲು ತುರಿಸೋದಿಲ್ವಾ ಮಾರಾಯ?” ಅಲ್ಲಿ ಹುಳಿಯ ಬದಲು ಗಂಟೆಗಟ್ಟಲೆ ಬೇಯಿಸಿ ಆ ತುರಿಕೆ ಕಳೆಯುತ್ತಾರೆ.

ಕೆಸುವಿನ ಗದ್ದೆಗೆ ಹರಿಯುವ ನೀರು ಬೇಕು. ಕಬ್ಬಿಗೂ ನೀರು ಬೇಕು. ತೋಟದ ಕಂಪನಿಗಳು ಬೆಟ್ಟ ಕೊರೆದು, ಕಾಲುವೆ ತೋಡಿ, ಹೊಳೆಗಳನ್ನು ಕಬ್ಬಿನ ಕಡೆಗೆ ತಿರುಗಿಸಿದವು. ಕೆಸುವಿನ ಗದ್ದೆಗಳು ಒಣಗಿದವು. 1893ರಲ್ಲಿ ಅದೇ ಹಿತಾಸಕ್ತಿಯವರು ರಾಣಿ ಲಿಲಿಯುಒಕಲಾನಿಯನ್ನು ಪದಚ್ಯುತಗೊಳಿಸಿದರು, 1898ರಲ್ಲಿ ಅಮೆರಿಕ ದ್ವೀಪಗಳನ್ನು ಸೇರಿಸಿಕೊಂಡಿತು. 1990ರ ದಶಕದಲ್ಲಿ ಓಆಹು ದ್ವೀಪದ ಕಬ್ಬಿನ ಕಂಪನಿ ಮುಚ್ಚಿದಾಗ ವೈಯಾಹೋಲೆಯ ಕೆಸು ಬೆಳೆಗಾರರು ತಮ್ಮ ಹೊಳೆ ಮರಳಿ ಬರಲಿ ಎಂದು ಹೋರಾಡಿದರು. ನೀರು ಸಾರ್ವಜನಿಕರ ಸ್ವತ್ತು ಎಂದು ಹವಾಯಿಯ ಸುಪ್ರೀಂ ಕೋರ್ಟ್ 2000ದಲ್ಲಿ ಎತ್ತಿಹಿಡಿಯಿತು. ದ್ವೀಪಗಳ ಕೊನೆಯ ದೊಡ್ಡ ಸಕ್ಕರೆ ತೋಟ, ಮಾವಿ ದ್ವೀಪದ್ದು, 2016ರ ಕೊನೆಯಲ್ಲಿ ಮುಚ್ಚಿತು. ಕಬ್ಬು ಹೋಯಿತು, ಕೆಸು ಅಷ್ಟಿಷ್ಟು ಮರಳುತ್ತಿದೆ. ಹವಾಯಿಯ ಅಂಗಡಿಗಳಲ್ಲಿ ಕೆಸುವಿನ ಹಿಟ್ಟು ಬೆರೆಸಿದ ನೇರಳೆ ಬಣ್ಣದ ಪ್ಯಾನ್‌ಕೇಕ್ ಪುಡಿ ಪೊಟ್ಟಣದಲ್ಲಿ ಸಿಗುತ್ತದೆ, ಕೆಲವು ಹೋಟೆಲುಗಳ ಪಟ್ಟಿಯಲ್ಲೂ ಇದೆ. ಹರಾಜುಕುವಿನ ಆ ಚಿಕ್ಕ ಅಂಗಡಿಯ ಪಟ್ಟಿಯಲ್ಲಿ ಇರಲಿಲ್ಲ. ಇರಬೇಕಿತ್ತು. ಗೋಡೆಯ ಒಂದು ಚಿತ್ರ ಕಡಿಮೆ ಮಾಡಿ ಪಟ್ಟಿಯಲ್ಲಿ ಒಂದು ಸಾಲು ಹೆಚ್ಚಿಸಿದ್ದರೆ ನಷ್ಟವೇನೂ ಆಗುತ್ತಿರಲಿಲ್ಲ.

ಈ ನಡುವೆ ಜಪಾನು ತನ್ನದೇ ಪ್ಯಾನ್‌ಕೇಕನ್ನೂ ಕಂಡುಹಿಡಿದಿದೆ. ಮೊಟ್ಟೆಯ ಬಿಳಿಯನ್ನು ನೊರೆಬರುವಂತೆ ಕಡೆದು ಹಿಟ್ಟಿಗೆ ಮಡಿಸಿ, ಸಣ್ಣ ಕಾವಿನಲ್ಲಿ ಮುಚ್ಚಿ ಬೇಯಿಸುವ ಸೂಫ್ಲೆ ಪ್ಯಾನ್‌ಕೇಕ್. ಮೂರು ಬೆರಳು ದಪ್ಪ, ತಟ್ಟೆ ಅಲುಗಿಸಿದರೆ ತಾನೂ ಅಲುಗುತ್ತದೆ. ಅದು ವೈಕಿಕಿಗೂ ಹೋಗಿದೆ. ಹವಾಯಿಗೆ ಹೋದ ಜಪಾನೀಯರು ಅಲ್ಲಿ ಜಪಾನಿನ ಪ್ಯಾನ್‌ಕೇಕಿಗೆ ಸಾಲು ನಿಲ್ಲುತ್ತಾರೆ. ಕೂಲಿಯಾಗಿ ಹೋಗಿ, ಹೋಟೆಲಾಗಿ ಬಂದು, ಮತ್ತೆ ತಿಂಡಿಯಾಗಿ ಹೋದ ಈ ಓಡಾಟದಲ್ಲಿ ಯಾವುದು ಯಾರದೆಂದು ಬಿಡಿಸಲು ಕೂತರೆ ಗೋಪುರ ಕರಗಿಹೋದೀತು.

ಹೋಗುವವರಿಗೆ ನಾಲ್ಕು ಮಾತು. ವಾರಾಂತ್ಯದ ಮಧ್ಯಾಹ್ನ ಬೇಡ, ವಾರದ ದಿನ ಬೆಳಿಗ್ಗೆ ಹೋದರೆ ಸಾಲು ಸಣ್ಣದು. ನಾಲ್ವರಿಗೆ ಕೆನೆಯದು ಒಂದೇ ಸಾಕು, ಜೊತೆಗೆ ಉಪ್ಪಿನ ರುಚಿಯದೊಂದು ಇರಲಿ. ಇಲ್ಲದಿದ್ದರೆ ಅರ್ಧಕ್ಕೇ ಬಾಯಿ ಕಟ್ಟುತ್ತದೆ. ಮೊದಲು ಸಿರಪ್ ಹಾಕದೆ ಒಂದು ತುಂಡು ತಿನ್ನಿ, ಆಮೇಲೆ ಸೀಬೆಯದು, ಕೊನೆಗೆ ತೆಂಗಿನದು. ಮೂರನ್ನೂ ಒಟ್ಟಿಗೆ ಸುರಿದರೆ ಯಾವುದೂ ಸಿಗದು. ಮೊಟ್ಟೆ ತಿನ್ನದವರಿಗೆ ಇಲ್ಲಿ ಕಷ್ಟ, ಹಿಟ್ಟಿನಲ್ಲೇ ಮೊಟ್ಟೆ ಇದೆ, ತೆಗೆದು ಕೊಡಿ ಎಂದರೆ ನಡೆಯದು. ಮೊಟ್ಟೆ ಹಾಲು ಎರಡೂ ಇಲ್ಲದ ಪ್ಯಾನ್‌ಕೇಕ್ ಮಾಡುವ ವೀಗನ್ ಅಂಗಡಿಗಳು ಟೋಕಿಯೊದಲ್ಲಿ ಬೇರೆ ಇವೆ. ಶಿರಸಿಯವನು ಅಂದು ಅಸಾಯಿ ಹಣ್ಣಿನ ಬಟ್ಟಲು ತರಿಸಿಕೊಂಡ. ಪಟ್ಟಿಯಲ್ಲಿ ಅದರ ಮೇಲೂ ತಾಳೆಮರದ ಚಿತ್ರವಿತ್ತು. ಅಸಾಯಿ ಬ್ರೆಜಿಲ್ಲಿನದು.